ಕೆಳಗಿನ ಗೆರೆಯ ಸೈನು

ಸಂತೋಷವಾದರೆ ಜನ ಸಿಹಿ ಹಂಚುತ್ತಾರೆ. ನನಗೆ ಕೋಪ ಬರುತ್ತದೆ. ಮಗ ಹುಟ್ಟಿದ ದಿನ ಸೂಲಗಿತ್ತಿಯ ಜೊತೆ ಜಗಳವಾಡಿದೆ, ಮೊಮ್ಮಗಳು ಹುಟ್ಟಿದ ದಿನ ಆಸ್ಪತ್ರೆಯ ಕಾವಲುಗಾರನ ಜೊತೆ. ಅದೇ ಮೊಮ್ಮಗಳು ಪವಿತ್ರ ಮೊನ್ನೆ ಬಂಗಾರಪೇಟೆಯ ಸ್ಕೂಲಿನಿಂದ ಒಂದು ಇಂಗ್ಲಿಷ್ ಹಾಳೆ ತಂದಳು. ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷನ್ನೇ ಮೊದಲ ಭಾಷೆಯಾಗಿ ತೆಗೆದುಕೊಳ್ಳಬಹುದಂತೆ. ಪಾಠ ಹೆಚ್ಚು, ಪದ್ಯ ಹೆಚ್ಚು, ಪರೀಕ್ಷೆಯೂ ಕಷ್ಟ. ಇಡೀ ಕ್ಲಾಸಿನಲ್ಲಿ ಮೂವರಿಗೆ ಮಾತ್ರ ಹಾಳೆ ಕೊಟ್ಟಿದ್ದಾರೆ. ಮೂರನೇ ಕ್ಲಾಸು ದಾಟದ ನನ್ನ ಮನೆಯಲ್ಲಿ ಇಂಥದ್ದು! ಎದೆ ತುಂಬಿ ಬಂತು. ಸಾರಿಗೆ ಉಪ್ಪಿಲ್ಲವೆಂದು ಹೆಂಡತಿಯನ್ನು ಬೈದೆ. ಸಾರು ಇನ್ನೂ ಒಲೆಯ ಮೇಲೇ ಇತ್ತು.

ಹುಡುಗಿ ಮಾತ್ರ ಮುಖ ಸಪ್ಪಗೆ ಮಾಡಿಕೊಂಡಿದ್ದಳು. "ಈಗ ನಾನೇ ಫಸ್ಟು ತಾತಾ. ಅಲ್ಗೋದ್ರೆ ಕಡೇ ಬೆಂಚು. ಎಲ್ರೂ ನಗ್ತಾರೆ."

ಚಿನ್ನದ ಗಣಿಯವರು ಕಟ್ಟಿಸಿದ ನಮ್ಮ ಕೋರಮಂಡಲ್ ಲೈನ್ ಮನೆಗಳ ಗೋಡೆ ಮಾತನ್ನು ತಡೆಯುವುದಿಲ್ಲ. ಪಕ್ಕದ ಮನೆಯ ಮುನಿಸ್ವಾಮಿ ಅಲ್ಲಿಂದಲೇ ತೀರ್ಪು ಕೊಟ್ಟ: "ಮೊಗೀಗ್ ಯಾಕಣ್ಣಾ ಇಂಸೆ? ಇರೋದ್ರಲ್ಲೇ ಫಸ್ಟ್ ಬರ್ಲಿ ಬುಡು."

"ನಿನ್ ಬಾಯ್ಗೆ ಮಣ್ಣಾಕ! ನಿನ್ ಮಗ ಒಂಬತ್ನೇ ಕ್ಲಾಸ್ನ ಎರಡ್ ಸಲ ಓದ್ದಾಗ ನಾನೇನಾರ ಮಾತಾಡಿದ್ನೇನ್ಲಾ?"

"ಓದೋಳು ಅವ್ಳು, ಕೂಗಾಡೋರು ನೀವು," ಎಂದಳು ಹೆಂಡತಿ. ಅವಳ ಮೇಲೂ ರೇಗಿದೆ. ಮೇಲಕ್ಕೆ ಹೋಗು ಎಂದರೆ ಹೆದರುವುದೇ? ಗಣಿಯಲ್ಲಿ "ಮೇಸ್ತ್ರಿ ಆಗ್ತೀಯಾ?" ಎಂದು ಕೇಳಿದಾಗ, ಹಾಜರಿ ಪುಸ್ತಕ ಬರೆಯಬೇಕಲ್ಲ ಎಂದು ಹೆದರಿ ಬೇಡ ಅಂದವನು ನಾನು. ಅದನ್ನು ಮಾತ್ರ ಆ ಹೊತ್ತಿನಲ್ಲಿ ಹೇಳಲಿಲ್ಲ.

ಮರುದಿನವೇ ಹಾಳೆ ಕೊಡುವ ಕೊನೆಯ ದಿನ. ಮಗ, ಸೊಸೆ ಮುಂಜಾನೆಯ ರೈಲಿಗೆ ಕೆಲಸಕ್ಕೆ ಹೋಗಿಯಾಗಿತ್ತು. ಸೈನು ನನ್ನ ಪಾಲಿಗೆ ಬಂತು.

"ಏನ್ ಮಾಡ್ಲಿ ತಾತಾ?"

"ಮಾತಾಡ್ಬ್ಯಾಡ, ಕೊಡಿಲ್ಲಿ!" ಹಾಳೆ ಹರಿಯುವ ಹಾಗೆ ಒತ್ತಿ ಸೈನು ಹಾಕಿ ಅವಳನ್ನು ಓಡಿಸಿದೆ.

ಹತ್ತು ನಿಮಿಷಕ್ಕೆ ಏದುಸಿರು ಬಿಡುತ್ತಾ ವಾಪಸ್ಸು ಬಂದಳು. "ತಾತಾ, ಮೇಲಿನ ಗೆರೆ ಒಪ್ಪೋರ್ಗೆ. ಕೆಳಗಿಂದು ಬ್ಯಾಡ ಅನ್ನೋರ್ಗೆ. ನೀನು ಕೆಳಗೆ ಹಾಕಿದೀಯ!"

ನಾನೇನು ಮಾಡಲಿ? ಗಣಿಯಲ್ಲಿ ಇಪ್ಪತ್ತು ವರ್ಷ ಸೈನು ಅಂದರೆ ಹಾಳೆಯ ಕಡೆಯ ಗೆರೆ. ಮೇಲೆ ಬರೆಯುವುದು ಮೇಲಿನವರ ಕೆಲಸ.

"ಅಂಗೇ ಕೊಟ್ಬುಟ್ಟಿದ್ರೆ ನಿಂಗೂ ಅಗುರ ಆಗ್ತಿತ್ತಲ್ಲಮ್ಮೀ?"

"ಅಂಗೇ ಅನ್ಕೊಂಡಿದ್ದೆ. ಬಸ್ಟಾಪಲ್ಲಿ ತೆಗ್ದು ಓದ್ದೆ. ಬ್ಯಾಡ ಅಂತ ಕಂಡಿದ್ದೇ ಅಳು ಬಂದ್ಬುಡ್ತು. ಮೇಲೆ ಹಾಕು ತಾತಾ, ಬೇಗ!"

ಕೆಳಗಿನದಕ್ಕೆ ಗೀಟು ಹೊಡೆದು ಮೇಲೆ ಹಾಕಿದೆ. ಗೋಡೆಯಾಚೆ ಮುನಿಸ್ವಾಮಿ ಕೆಮ್ಮಿದ. ಅವನು ಬೇಡ ಅಂದದ್ದು ಬರೀ ಬಾಯಲ್ಲಿ. ಬೇಡ ಅಂತ ಬರೆದು ಕೊಟ್ಟವನು ಇಡೀ ಲೈನಿನಲ್ಲಿ ನಾನೊಬ್ಬನೇ. ಸಂತೋಷ ತಡೆಯಲಾಗಲಿಲ್ಲ. ಅವಳ ಜೊತೆ ಬಸ್ಸಿನ ತನಕ ಹೋಗಿ, ಹೊತ್ತಿಗೆ ಸರಿಯಾಗಿ ಬಂದನೆಂದು ಡ್ರೈವರನ್ನು ಬೈದು ಬಂದೆ.