ಸ್ಕಾಟ್ಲೆಂಡಿನ ಸಿಪಾಯಿಗೆ ಎಡೆ

ತಾಪತ್ರಯ ಶುರುವಾದದ್ದು ಒಂದು ಬಾಟಲಿಯಿಂದ. ಅದೂ ಇನ್ನೂ ಕೊಂಡು ತಂದಿರದ ಬಾಟಲಿಯಿಂದ.

ಆ ಭಾನುವಾರ ಅಮೆರಿಕದ ಸನ್ನಿವೇಲ್‌ನಲ್ಲಿ, ಜಯರಾಮ್ ಅವರ ಮಗಳ ಅಪಾರ್ಟ್‌ಮೆಂಟಿನಲ್ಲಿ ಹಿರಿಯರ ಹಬ್ಬ. ತೀರಿಹೋದವರ ಫೋಟೋಗಳ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಧೂಪ ತೋರಿಸಿ, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಮಂಡ್ಯದ ಕಡೆಯ ಪದ್ಧತಿ. ಆಮೇಲೆ ಆ ಎಡೆಯನ್ನು ಮನೆಯವರು ಪ್ರಸಾದವೆಂದು ತೆಗೆದುಕೊಳ್ಳುತ್ತಾರೆ. ಎಪ್ಪತ್ತು ದಾಟಿದ ಜಯರಾಮ್ ವರ್ಷವಿಡೀ ಕಾಯುತ್ತಿದ್ದದ್ದು ಈ ‘ಆಮೇಲೆ’ಗಾಗಿ.

ಅವರಿಗೆ ರಕ್ತದೊತ್ತಡ, ಜೊತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಉಪ್ಪನ್ನು ಕಸಿದುಕೊಂಡಿದ್ದರು, ಸಿಹಿಯನ್ನು ಕಸಿದುಕೊಂಡಿದ್ದರು. ವಿಸ್ಕಿಯ ಹೆಸರೆತ್ತಲೂ ಬಿಟ್ಟಿರಲಿಲ್ಲ. ಆದರೆ ಸತ್ತವರಿಗೆ ಡಾಕ್ಟರ ಕಾಟವಿಲ್ಲ. ‘ನಮ್ಮಪ್ಪನಿಗೆ ವಿಸ್ಕಿಯೆಂದರೆ ಪ್ರಾಣ’ ಎಂದು ಮದುವೆಯಾದ ಹೊಸದರಲ್ಲೇ ಅವರು ಹೆಂಡತಿ ಚಿಕ್ಕತಾಯಮ್ಮನಿಗೆ ಹೇಳಿಟ್ಟಿದ್ದರು. ಅಂದಿನಿಂದ ಆಕೆ ಪ್ರತಿ ಹಬ್ಬಕ್ಕೂ ಮಾವನವರ ಫೋಟೋದ ಮುಂದೆ ಹಿತ್ತಾಳೆ ಲೋಟದಲ್ಲಿ ಎರಡು ಬೆರಳಷ್ಟು ತನ್ನ ಕೈಯಾರೆ ಅಳೆದು ಇಡುತ್ತಿದ್ದಳು. ವರ್ಷಕ್ಕೊಂದೇ ಲೋಟ. ಆಕೆ ತೀರಿಕೊಂಡ ವರ್ಷ ಹಬ್ಬ ಮಾಡಿರಲಿಲ್ಲ. ಈ ಸಲ ಆಕೆಯ ಫೋಟೋವೂ ಸಾಲಿಗೆ ಸೇರಿತ್ತು. ಎಲ್ಲ ಮೊದಲಿನಂತೆಯೇ ನಡೆಯಬೇಕು, ಆ ಲೋಟವೂ ಇರಬೇಕು ಎಂಬುದು ಜಯರಾಮ್ ಅವರ ಆಸೆ.

ಗ್ರೋಸರಿಗೆ ಹೊರಟ ಮಗಳು ಗಾನವಿಗೆ, ತಾತನಿಗೊಂದು ಸಣ್ಣ ಬಾಟಲಿಯನ್ನೂ ತಾ ಎಂದು ಅವರು ಕೊತ್ತಂಬರಿ ಸೊಪ್ಪಿನ ಸಾಲಿನಲ್ಲೇ ಸೇರಿಸಿ ಹೇಳಿದರು. ಊರಿನಿಂದ ಬಂದಿದ್ದ ಅಕ್ಕ ನಂಜಮ್ಮ ಅಲ್ಲೇ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದವರು ತಲೆಯೆತ್ತಿದರು.

“ಯಾವ ತಾತಂಗ್ಲಾ? ನಮ್ಮಪ್ಪಂಗಾ? ಹೆಂಡದಂಗಡಿ ಮುಂದೆ ಹೋಗೋವಾಗ ಮೂಗು ಮುಚ್ಕೊಂಡು ಹೋಯ್ತಿದ್ದ ಕಲಾ ಅವ್ನು.”

ಗಾನವಿ ಅಪ್ಪನ ಕಡೆ ತಿರುಗಿದಳು. ಜಯರಾಮ್ ಅವರಿಗೆ ಫ್ರೀವೇಯಲ್ಲಿ ಹಿಂದಿನಿಂದ ಪೊಲೀಸ್ ಕಾರಿನ ದೀಪ ಹೊಳೆದಂತಾಯಿತು.

“ಅಪ್ಪ, ಹಾಗಾದ್ರೆ ಇಷ್ಟು ವರ್ಷ ಅದನ್ನ ಕುಡಿದಿದ್ದು ಯಾರು?”

“ಪ್ರಸಾದ ಕಣಮ್ಮ,” ಎಂದರು ಜಯರಾಮ್. ದನಿ ಸೋಫಾದ ಅಡಿಯಿಂದ ಬಂದಂತಿತ್ತು.

ತಾತನಿಗೆ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಎಂದು ತೀರ್ಮಾನವಾಯಿತು. ಜಯರಾಮ್ ಬಾಲ್ಕನಿಗೆ ಹೋಗಿ ತಮ್ಮ ವಂಶವನ್ನು ಮನಸ್ಸಿನಲ್ಲೇ ಜಾಲಾಡಿದರು. ಅಜ್ಜ ಶನಿವಾರದ ಒಪ್ಪತ್ತಿನವನು. ಮುತ್ತಜ್ಜ ದಾಸಯ್ಯನಾಗಿದ್ದವನು. ದೊಡ್ಡಪ್ಪ ಭಜನೆ ಮನೆ ಕಟ್ಟಿಸಿದವನು. ಕುಡಿದು ಮನೆತನದ ಹೆಸರು ಕೆಡಿಸಿದವನು ಒಬ್ಬನಾದರೂ ಬೇಡವೇ? ಇಂಥ ಸಮಯಕ್ಕೆ ಆಗದ ಹಿರಿಯರು ಇನ್ನು ಯಾವ ಸಮಯಕ್ಕೆ ಆಗುತ್ತಾರೆ?

ಆಗ ಕೆಳಗಡೆ ಐಲ್ಸಾ ಡನ್‌ಬಾರ್ ಕಂಡರು. ಎಂಬತ್ತು ದಾಟಿದ ಈ ನೆರೆಮನೆಯ ಅಜ್ಜಿ ಕೆಲವು ತಿಂಗಳಿಂದ ಸ್ಕಾಟ್ಲೆಂಡಿನ ತಮ್ಮ ಪೂರ್ವಜರನ್ನು ಹುಡುಕುತ್ತಿದ್ದರು. ಬಟ್ಟೆ ಒಗೆಯುವ ಕೋಣೆಯಲ್ಲಿ ಯಾರು ಸಿಕ್ಕರೂ ಮೆಷಿನ್ನು ನಿಲ್ಲುವವರೆಗೆ ಅವರಿಗೆ ವಂಶಾವಳಿಯ ಪಾಠ. ಜಯರಾಮ್ ಒಂದು ಸಲ ತಪ್ಪಿಸಿಕೊಳ್ಳಲು ಕಸದ ಡಬ್ಬದ ಹಿಂದೆ ಅಡಗಿದ್ದೂ ಉಂಟು. ಅಂಥವರು ಇಂದು, ವಿಸ್ಕಿಯ ನಾಡಿನ ಹಿರಿಯರಾದರೂ ಸಮಯಕ್ಕೆ ಆದಾರೆಂದು, ತಾವಾಗಿಯೇ ಹೋಗಿ ಬಾಗಿಲು ತಟ್ಟಿದರು.

ಐಲ್ಸಾ ಅವರಿಗೆ ಹಿಡಿಸಲಾರದ ಸಂತೋಷ. ಆದರೆ ಗಿಡದ ಕೆಲಸ ನಡೆಯದಿದ್ದರೆ ಅವರಿಗೆ ಮಾತು ಹೊರಡದು. ಮೊಣಕೈ ನೋವೆಂದು ಕತ್ತರಿಯನ್ನು ಜಯರಾಮ್ ಕೈಗೆ ಕೊಟ್ಟು, ಕುಂಡದ ಗುಲಾಬಿಗಳನ್ನು ಸವರಿಸುತ್ತ ಕತೆ ಹೇಳಿದರು. ಅವರ ವಂಶದಲ್ಲಿ ಒಬ್ಬ ತೋಟದ ಮಾಲಿ, ಅವನ ಮಗ ಸಿಪಾಯಿ, ಸಿಪಾಯಿಯ ಮಗ ಮತ್ತೆ ಮಾಲಿ. ಎರಡೇ ನಿಲ್ದಾಣಗಳ ನಡುವೆ ಓಡಾಡುವ ಬಸ್ಸಿನಂತೆ. ಅವರಲ್ಲಿ ಒಬ್ಬ ಸಿಪಾಯಿ ಹಿಂದೂಸ್ಥಾನಕ್ಕೆ ಹೋದವನು ಹಿಂದಿರುಗಲಿಲ್ಲ. ಟಿಪ್ಪು ಸುಲ್ತಾನನ ಮೇಲಿನ ಯುದ್ಧಕ್ಕೆ ಹೋಗಿ, ಶ್ರೀರಂಗಪಟ್ಟಣದಲ್ಲಿ ಜ್ವರ ಬಂದು ಸತ್ತನಂತೆ.

ಜಯರಾಮ್ ಕೈಯ ಕತ್ತರಿ ನಿಂತಿತು. ಅವರ ಹುಟ್ಟೂರು ಶ್ರೀರಂಗಪಟ್ಟಣದ ಆಚೆ ದಡದಲ್ಲೇ. ಬಿಳಿಯರ ಹಳೆಯ ಗೋರಿಗಳ ಮೇಲೆ ಕೂತು ಕಡಲೆಕಾಯಿ ತಿಂದೇ ಅವರು ಬೆಳೆದದ್ದು. ಕೂಡಲೇ ಅವರು ಮುಖ್ಯವಾದದ್ದನ್ನು ಕೇಳಿದರು: ಆತ ಕುಡಿಯುತ್ತಿದ್ದನೇ?

ಅದು ಐಲ್ಸಾಗೆ ಗೊತ್ತಿರಲಿಲ್ಲ.

ಜಯರಾಮ್ ಮೇಲಕ್ಕೆ ಓಡಿಬಂದು ಅಕ್ಕನಿಗೆ ವಿಷಯ ತಿಳಿಸಿದರು. ನಮ್ಮೂರ ಮಣ್ಣಿನಲ್ಲಿ ಮಲಗಿದವನು, ಇನ್ನೂರು ವರ್ಷದಿಂದ ಒಂದು ತುತ್ತು ಕಂಡವನಲ್ಲ, ಅವನ ಮನೆಯವರು ಪಕ್ಕದಲ್ಲೇ ಇದ್ದಾರೆ ಎನ್ನುವಾಗ ಅವರ ಕಣ್ಣಲ್ಲಿ ನೀರೇ ಬಂತು. ನಂಜಮ್ಮನ ಮನಸ್ಸು ಕರಗಿತು. ಆದರೆ ಬುದ್ಧಿ ಕರಗಲಿಲ್ಲ.

“ಇಡನ ಬುಡು. ಆದ್ರೆ ಅವ್ನು ಆವಮ್ಮನ ಕಡೆಯೋನೇ ಅಂತ ಖಾತ್ರಿಯಾಗ್ಬೇಕು. ಹೆಸರು ಬೇಕು. ಏನ್ ತಿಂತಿದ್ದ, ಏನ್ ಕುಡೀತಿದ್ದ ಅಂತ ತಿಳೀಬೇಕು. ಅನುಮಾನ ಇರಬಾರ್ದು ಕಲಾ.”

ಅನುಮಾನವನ್ನು ನೀಗಿಸಲು ಮೇಲಿನ ಮನೆಯ ಕುಬೇರಪ್ಪ ಕರೆಯದೆಯೇ ಬಂದರು. ಹಾವೇರಿಯಲ್ಲಿ ಚರಿತ್ರೆಯ ಮೇಷ್ಟರಾಗಿದ್ದವರು. ಬೆಕ್ಕಿಗೆ ಹಾಲಿನ ವಾಸನೆ ಹತ್ತಿದಂತೆ ಅವರಿಗೆ ಚರಿತ್ರೆಯ ವಾಸನೆ ಹತ್ತುತ್ತಿತ್ತು. ಐಲ್ಸಾ ಕೂಡಿಟ್ಟಿದ್ದ ಹಳೆಯ ಕಾಗದಗಳನ್ನು ಕೆದಕುತ್ತಾ ಹೋದಂತೆ ತೊಡಕು ಬಿತ್ತು. ಸಿಪಾಯಿಗಳಾಗಿ ಬಂದವರು ಅಣ್ಣತಮ್ಮಂದಿರಿಬ್ಬರು. ಒಬ್ಬ ಬೈಬಲ್ ಬಿಟ್ಟು ಕದಲದವನು, ಇನ್ನೊಬ್ಬ ಕುಡುಕ. ಸತ್ತವನು ಯಾರು, ಐಲ್ಸಾ ಯಾರ ಸಂತಾನ?

“ರುಜುವಾತು ಇಲ್ದ ಮುಂದ ಹೋಗಬ್ಯಾಡ್ರಿ,” ಎಂದರು ಕುಬೇರಪ್ಪ. ಜಯರಾಮ್ ಅವರಿಗೆ ಆ ಬೈಬಲ್‌ನವನ ಮೇಲೆ ಹಳೆಯ ದಾಯಾದಿಯ ಮೇಲಿನಷ್ಟು ಕೋಪ ಬಂತು.

ಕೊನೆಗೆ ಎಡಿನ್‌ಬರೋದಲ್ಲಿದ್ದ ಐಲ್ಸಾರ ದೊಡ್ಡಪ್ಪನ ಮಗಳಿಗೆ ವಿಡಿಯೋ ಕಾಲ್ ಮಾಡಿದರು. ಆಕೆ ತೊಂಬತ್ತರ ಮುದುಕಿ, ಕಿವಿ ಮಂದ. ಮೂವರೂ ಫೋನಿಗೆ ಮುಖವಿಟ್ಟು ಕೂಗಿದ ರಭಸಕ್ಕೆ ಪಾರ್ಕಿಂಗ್‌ನಲ್ಲಿದ್ದವರು ತಿರುಗಿ ನೋಡಿದರು. ಆದರೆ ಮುದುಕಿಯ ನೆನಪು ಚೆನ್ನಾಗಿತ್ತು. ಬೈಬಲ್‌ನವನು ಕ್ಷೇಮವಾಗಿ ಹಿಂದಿರುಗಿ, ಮದುವೆಯಾಗದೆ ಸತ್ತ. ಶ್ರೀರಂಗಪಟ್ಟಣದಲ್ಲಿ ಉಳಿದವನು ತಮ್ಮ, ಡೇವಿಡ್. ಮಗುವನ್ನು ಊರಲ್ಲಿ ಬಿಟ್ಟು ಹೋಗಿದ್ದ. ಆ ಮಗುವಿನ ಕುಡಿಯೇ ತಾವೆಲ್ಲ. ಡೇವಿಡ್ ಮೊದಲು ಮಾಲಿಯೇ. ಒಂದು ದಿನ ಮೂಗಿನವರೆಗೆ ವಿಸ್ಕಿ ಕುಡಿದು, ಧಣಿಯ ಮೆಚ್ಚಿನ ಪಿಯರ್ ಹಣ್ಣಿನ ಮರಗಳನ್ನು ಸವರಲು ಹೋಗಿ ಒಂದನ್ನೂ ಬಿಡದೆ ಮೊಂಡು ಮಾಡಿಟ್ಟ. ಕೆಲಸ ಹೋಯಿತು, ಸೈನ್ಯ ಸೇರಿದ.

ಜಯರಾಮ್ ಅವರ ಎದೆ ತುಂಬಿ ಬಂತು. ತಮ್ಮ ವಂಶದಲ್ಲಿ ಹುಟ್ಟಬೇಕಾದವನು ಪರದೇಶದಲ್ಲಿ ಹುಟ್ಟಿದ್ದ.

ನಂಜಮ್ಮ ಮತ್ತೆ ಮತ್ತೆ ಕೇಳಿದರು, ಈವಮ್ಮನ ರಕ್ತವೇ ತಾನೇ? ರಕ್ತವೇ ಎಂದು ಜಯರಾಮ್ ಆಣೆಯಿಟ್ಟರು. ಅತ್ತೆಯ ಮಾತಿನ ಮೇಲೆ ಗಾನವಿಯೂ ಒಪ್ಪಿದಳು. ಆದರೆ ತಾನು ಬಾಟಲಿ ತರುವುದಿಲ್ಲ ಎಂದಳು.

ಹಾಗಾಗಿ ಜಯರಾಮ್, ಕುಬೇರಪ್ಪ ಇಬ್ಬರೂ ಬಿಸಿಲಿನಲ್ಲಿ ನಡೆದೇ ಅಂಗಡಿಗೆ ಹೋದರು. ಕೊರಳಲ್ಲಿ ಲಿಂಗವಿದ್ದ ಕುಬೇರಪ್ಪ ಒಳಗೆ ಬರಲೊಲ್ಲದೆ ಹೊರಗೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತರು. ಅದೇ ಹೊತ್ತಿಗೆ ದೇವಸ್ಥಾನದಿಂದ ಹೊರಟಿದ್ದ ಕನ್ನಡದವರ ಕಾರೊಂದು ಅಲ್ಲೇ ಸಿಗ್ನಲ್ಲಿಗೆ ನಿಂತಿತು. ಗಾಜು ಇಳಿಯಿತು. “ನಮಸ್ಕಾರ ಮೇಷ್ಟ್ರೇ,” ಎಂದಿತು ಒಂದು ದನಿ. “ಇದು ಚರಿತ್ರೆಯ ಕೆಲಸರಿ,” ಎಂದು ಕುಬೇರಪ್ಪ ಹೇಳುವಷ್ಟರಲ್ಲಿ ಕಾಗದದ ಚೀಲ ಎದೆಗವಚಿಕೊಂಡ ಜಯರಾಮ್ ನಗುನಗುತ್ತ ಹೊರಗೆ ಬಂದರು. ಮನೆ ಸೇರುವವರೆಗೆ ಕುಬೇರಪ್ಪ ರಸ್ತೆಯ ಆಚೆ ಬದಿಯಲ್ಲೇ ನಡೆದರು.

ಎಡೆ ಸಿದ್ಧವಾಯಿತು. ಅಪ್ಪನಿಗೆ ಮುದ್ದೆ, ಸೊಪ್ಪಿನ ಸಾರು. ಚಿಕ್ಕತಾಯಮ್ಮನಿಗೆ ಹಿತಕವರೆ ಸಾರು, ಒಬ್ಬಟ್ಟು, ಅವಳ ಜೀವವಾಗಿದ್ದ ಕಾಫಿ. ಕೊನೆಯ ಎಲೆಯ ಮುಂದೆ ಫೋಟೋ ಇರಲಿಲ್ಲ. ಐಲ್ಸಾ ತಂದ ಗುಲಾಬಿಯನ್ನಿಟ್ಟರು. ಅದರ ಪಕ್ಕದಲ್ಲಿ ಬಾಡಿನ ಸಾರು, ಮತ್ತು ಹಿತ್ತಾಳೆ ಲೋಟ. ಜಯರಾಮ್ ಬೆರಳಿಟ್ಟು ಅಳೆದು ಸುರಿದರು. ಹಬ್ಬದ ದಿನ ಜಿಪುಣತನ ಬೇಡವೆಂದು ಬೆರಳು ತಾವಾಗಿಯೇ ನಾಲ್ಕಾದವು.

ಐಲ್ಸಾ ಧೂಪ ಹಾಕಿದರು. ಹೊಗೆ ಎದ್ದದ್ದೇ ತಡ, ಸೂರಿನ ಹೊಗೆ ಅಲಾರಂ ಕಿರುಚತೊಡಗಿತು.

“ಸಿಪಾಯಿ ಬಂದ ಕಣ್ರಪ್ಪೋ, ತುತ್ತೂರಿ ಊದುಸ್ಕೊಂಡು ಬಂದ,” ಎಂದು ನಂಜಮ್ಮ ಕೈಮುಗಿದು ಎಲ್ಲರನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿದರು. ಒಳಗೆ ಅಲಾರಂ ಕೂಗಿ ಕೂಗಿ ದಣಿದು ಸುಮ್ಮನಾಯಿತು. ಜಯರಾಮ್ ಆ ಬಾಗಿಲ ಮುಂದೆ ಪಹರೆಯವರಂತೆ ನೆಟ್ಟಗೆ ನಿಂತಿದ್ದರು. ಬೆಳಗ್ಗೆ ಮಾಲಿ, ಈಗ ಸಿಪಾಯಿ. ಒಂದೇ ದಿನದಲ್ಲಿ ಡನ್‌ಬಾರ್ ವಂಶದ ಎರಡು ಕಸುಬೂ ಅವರಿಗೆ ಬಂದಿದ್ದವು.

ಬಾಗಿಲು ತೆರೆಯಿತು. ಎಲ್ಲರೂ ಅಡ್ಡಬಿದ್ದರು. ಜಯರಾಮ್ ಏಳುತ್ತಲೇ ಕೈ ಚಾಚಿದರು. ಅಷ್ಟರಲ್ಲಿ ನಂಜಮ್ಮ ಲೋಟವನ್ನೆತ್ತಿ ಐಲ್ಸಾರ ಕೈಗಿಟ್ಟರು. ಬಾಡಿನ ಎಲೆಯನ್ನೂ ಅವರ ಮುಂದೆಯೇ ಸರಿಸಿದರು.

“ಅಕ್ಕ?” ಎಂದರು ಜಯರಾಮ್.

“ಯಾರ ಹಿರೀಕರಿಗೆ ಇಟ್ಟ ಎಡೆಯೋ ಅವರ ರಕ್ತದೋರೇ ಮುಟ್ಬೇಕು. ಬ್ಯಾರೆಯೋರು ಮುಟ್ಟುದ್ರೆ ಸತ್ತೋರು ಬೆನ್ನು ಬೀಳ್ತಾರೆ. ಮತ್ಯಾಕೆ ನಾನು ಬೆಳಗ್ಗಿಂದ ಬಡ್ಕೋತಿದ್ದುದ್ದು, ಅನುಮಾನ ಇರಬಾರ್ದು ಅಂತ?”

“ಅಷ್ಟೇನೂ ಖಾತ್ರಿ ಇಲ್ಲ ಕಣಕ್ಕ,” ಎಂದರು ಜಯರಾಮ್ ಅವಸರವಾಗಿ. “ಅಣ್ಣತಮ್ಮ ಇಬ್ಬರಿದ್ರು. ಆ ಮುದುಕಿಗೆ ಕಿವಿ ಬೇರೆ ಕೇಳ್ಸಲ್ಲ...”

“ಏನ್ ಮಾತಾಡ್ತೀರಿ?” ಎಂದು ಕುಬೇರಪ್ಪ ಮಧ್ಯೆ ಬಂದರು. ಸಿಗ್ನಲ್ಲಿನ ಅವಮಾನ ಅವರಿಗಿನ್ನೂ ಆರಿರಲಿಲ್ಲ. “ನಾನ ಎದುರಿಗಿದ್ದೆ. ಪಕ್ಕಾ ರುಜುವಾತು ಆಗೇತಿ.”

ಐಲ್ಸಾ ಗುಲಾಬಿಗೆ ತಲೆಬಾಗಿ, ಕಣ್ಣೊರೆಸಿಕೊಂಡು, ಲೋಟವನ್ನು ಒಂದೇ ಗುಟುಕಿಗೆ ಬರಿದು ಮಾಡಿದರು. ಆಮೇಲೆ, ತಮ್ಮ ಡಾಕ್ಟರು ಇದಕ್ಕೆಂದೂ ಅಡ್ಡಿ ಹೇಳಿಲ್ಲ, ಮುಂದಿನ ವರ್ಷವೂ ತಪ್ಪದೆ ಬರುತ್ತೇನೆ ಎಂದರು. ಬಾಟಲಿಯಲ್ಲಿ ಉಳಿದದ್ದೂ ಡೇವಿಡ್‌ನ ಪಾಲೇ ಎಂದು ನಂಜಮ್ಮ ಅದನ್ನೂ ಅವರ ಕಂಕುಳಿಗೆ ಸಿಕ್ಕಿಸಿ ಕಳಿಸಿದರು.

ಎಲ್ಲರೂ ಹೋದ ಮೇಲೆ ನಂಜಮ್ಮ ತಮ್ಮನ ಪಕ್ಕದಲ್ಲಿ ಬಂದು ಕೂತರು.

“ಚಿಕ್ಕತಾಯಿ ನಿನ್ನ ಮದುವೆಯಾದ ಮೊದಲ ವರ್ಷವೇ ನನ್ನ ಕೇಳಿದ್ಲು ಕಲಾ, ಮಾವ ಕುಡೀತಿದ್ರಾ ಅಂತ. ಇಲ್ಲ ಅಂದೆ. ‘ಇರ್ಲಿ ಬುಡಿ ಅತ್ತಿಗೆ, ವರ್ಷಕ್ಕೊಂದ್ ದಿನ, ಯಾರಿಗೂ ಹೇಳ್ಬ್ಯಾಡಿ’ ಅಂದ್ಲು. ಅವಳಿರೋವರೆಗೂ ನಾನು ಬಾಯಿ ಬಿಡ್ಲಿಲ್ಲ. ಈಗ ನಿನ್ನ ನೋಡ್ಕೊಳೋಕೆ ಅವಳಿಲ್ವಲ್ಲಪ್ಪ.”

ಜಯರಾಮ್ ಹೆಂಡತಿಯ ಫೋಟೋದ ಕಡೆ ತಿರುಗಿದರು. ಚಿಕ್ಕತಾಯಮ್ಮ ಎಂದಿನಂತೆ ತುಟಿಯ ಒಂದು ಮೂಲೆಯಲ್ಲಷ್ಟೇ ನಗುತ್ತಿದ್ದಳು. ಎಷ್ಟು ವರ್ಷ ಅಳೆದು ಸುರಿದಳು, ಒಮ್ಮೆಯೂ ತೋರಗೊಡಲಿಲ್ಲವಲ್ಲ ಎಂದುಕೊಂಡರು. ಅವಳ ಎಡೆಯಾದರೂ ತನ್ನದು. ಅದಕ್ಕೆ ಯಾವ ರುಜುವಾತೂ ಬೇಡ. ಅವಳ ಲೋಟವನ್ನೆತ್ತಿಕೊಂಡರು. ಅವಳ ಕಾಫಿಯೆಂದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ದೇವರೇ, ಅಷ್ಟಾದರೂ ಸಿಕ್ಕಿತಲ್ಲ ಎಂದು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು.

ಸಕ್ಕರೆಯೇ ಇರಲಿಲ್ಲ. ಅದನ್ನು ಕೊನೆಗೆ ಕುಡಿಯುವವರು ಯಾರೆಂದು ಗಾನವಿಗೆ ಗೊತ್ತಿತ್ತು.