ಕುದ್ರು ಕೋಟೆಯ ಮದುಮಗ

ಇದನ್ನು ನನಗೆ ಮೊದಲು ಹೇಳಿದವರು ನನ್ನ ತಾಯಿಯ ಅಣ್ಣ, ದೊಡ್ಡ ಮಾವ. ನೇತ್ರಾವತಿಯ ನಡುವೆ ಒಂದು ಕುದ್ರು ಉಂಟು. ಆ ನಡುಗಡ್ಡೆಯ ಮುರುಕು ಕೋಟೆ ಹಿಂದೆ ಸೆರೆಮನೆಯಾಗಿತ್ತು. ಒಂದು ಮಳೆಗಾಲ ನೆರೆ ಬಂದಾಗ ಕಾವಲಿನವರು ಬಾಗಿಲು ತೆರೆಯದೆ ದೋಣಿ ಹತ್ತಿ ಹೋದರಂತೆ. ಒಳಗೆ ಮುಳುಗಿದವರಲ್ಲಿ ಒಬ್ಬ ನಮ್ಮ ಕುಟುಂಬದ ಹುಡುಗ, ಮದುವೆಯಾಗದವ. "ಅಂಥವರು ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಮಾಡುತ್ತಲೇ ಇರುತ್ತಾರೆ" ಎನ್ನುತ್ತಿದ್ದರು ಮಾವ.

ಲಾಯಿಲದ ಪ್ರಶ್ನೆ

ನನ್ನ ಮಗಳ ನಿಶ್ಚಯ ಮುರಿಯಿತು. ಮತ್ತೊಂದು ಸಂಬಂಧವೂ ಹಾಗೆಯೇ ಹೋಯಿತು. ಅವಳು ಊಟ ಬಿಟ್ಟು ಕೋಣೆ ಸೇರಿದಳು. ಲಾಯಿಲದ ಜೋಯಿಸರು ಕವಡೆ ಹಾಕಿ, "ನೀರಲ್ಲಿ ಸತ್ತ ಹುಡುಗನೊಬ್ಬ ಮದುವೆಗೆ ಹಠ ಹಿಡಿದಿದ್ದಾನೆ. ಅವನದ್ದು ಆಗದೆ ಇವಳದ್ದು ಆಗುವುದಿಲ್ಲ" ಎಂದರು.

ನನ್ನ ಹೆಂಡತಿ ಕಣ್ಣೊರೆಸಿಕೊಂಡು, "ಇಷ್ಟು ಕಾಲ ಕಾದವನಿಗೆ ಇನ್ನು ಸ್ವಲ್ಪ ಕಾಯಲಿಕ್ಕೆ ಆಗುವುದಿಲ್ಲವಾ?" ಎಂದು ಕೇಳಿದಳು.

ಜೋಯಿಸರು ಕವಡೆ ಒಟ್ಟು ಮಾಡುತ್ತಾ, "ಅವನಿಗೂ ಪ್ರಾಯ ಆಗ್ತಾ ಬಂತಲ್ಲ, ಅಮ್ಮ" ಎಂದರು.

ದೋಣಿಯವ

ನೀರಲ್ಲಿ ಹೋದ ಆ ಹುಡುಗನನ್ನು ಮದುವೆಗೆ ಕರೆಯಲು ಮಾವನೂ ನಾನೂ ಬಂಟ್ವಾಳದ ಕಡವಿನಲ್ಲಿ ದೋಣಿ ಹತ್ತಿದೆವು. ನಮ್ಮದು ಬೆಳ್ತಂಗಡಿ ಕಡೆ ಎಂದು ತಿಳಿದ ದೋಣಿಯವ, "ಕೋಟೆಯಲ್ಲಿದ್ದದ್ದೆಲ್ಲ ಮೂಡುಬಿದಿರೆಯ ಕಳ್ಳರು" ಎಂದ.

ಮುಂದೆ ಕುಳಿತಿದ್ದ ಮೂಡುಬಿದಿರೆಯ ಕಾಲೇಜು ಮಕ್ಕಳು ತಿರುಗಿದರು. "ಈಗಷ್ಟೇ ನಮ್ಮ ಹತ್ತಿರ ಬೆಳ್ತಂಗಡಿಯ ಕಳ್ಳರು ಅಂದ್ರಿ!"

"ಎರಡೂ ಕಡೆಯವರು ಒಟ್ಟಿಗೆ ಹತ್ತಿದರೆ ಬಂಟ್ವಾಳದವರು ಮಾರಾಯ್ರೆ. ನಾನು ಪುತ್ತೂರಿನವ."

ಕೋಟೆಯ ಕೋಣೆಯಲ್ಲಿ ನೆರೆಯ ಕೆಸರಿನ ಗೆರೆ ನನ್ನ ತಲೆಗಿಂತ ಮೇಲಿತ್ತು. ಮಾವ ದೀಪ ಹಚ್ಚಿದರು. ಹುಡುಗನ ಹೆಸರು ಯಾರಿಗೂ ಗೊತ್ತಿಲ್ಲ. "ಬಾ ಮಗಾ, ಮನೆಗೆ ಹೋಗುವ" ಎಂದರು. ದಡಕ್ಕೆ ಬಂದ ಮೇಲೆ ದೋಣಿಯವ ಇಳಿದವರನ್ನು ಎಣಿಸಿ, "ಈಗ ಒಬ್ಬರು ಹೆಚ್ಚಾದರಾ?" ಎಂದು ಕೇಳಿ ತಾನೇ ಬೆವರಿದ.

ಹೆಣ್ಣಿನ ಕಡೆಯವರು

ಮದುವೆಯಾಗದೆ ತೀರಿಕೊಂಡವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುವುದು ನಮ್ಮಲ್ಲಿ ಕ್ರಮ. ಹಾಗೆ ಹೋದ ಗಂಡು ಹೆಣ್ಣು ಇಬ್ಬರ ಹೆಸರಿನಲ್ಲಿ ಸೀರೆ, ಪಂಚೆ ಇಟ್ಟು ಧಾರೆ ಎರೆಯುತ್ತಾರೆ. ತೋಡಾರಿನ ಒಂದು ಮನೆಯಲ್ಲಿ ಹಿಂದೆಂದೋ ಜ್ವರದಲ್ಲಿ ಹೋದ ಹುಡುಗಿ ಇದ್ದಳು. ಹೆಣ್ಣು ಕೇಳಲು ಹೋದೆವು.

ಅಲ್ಲಿನ ಅಜ್ಜಿ ಕೇಳಿದರು: "ಹುಡುಗ ಎಲ್ಲಿದ್ದದ್ದು?"

"ಕುದ್ರು ಕೋಟೆಯಲ್ಲಿ, ಸೆರೆಯಲ್ಲಿ" ಎಂದೆ.

"ಜೈಲಿಗೆ ಹೋದವನಿಗೆ ನಮ್ಮ ಹುಡುಗಿಯನ್ನು ಕೊಡುವುದಿಲ್ಲ. ನಾಳೆ ಅವಳು ತಲೆಯೆತ್ತಿ ನಡೆಯುವುದು ಬೇಡವಾ?"

ಮಗಳ ಮುಖ ಕಣ್ಣೆದುರು ಬಂತು. ದೊಡ್ಡ ಮಾವ ನಿಧಾನಕ್ಕೆ ಎಲೆಗೆ ಸುಣ್ಣ ಸವರಿದರು. "ಇವನಿಗೆ ಸರಿ ಗೊತ್ತಿಲ್ಲ, ಅಮ್ಮ. ಹುಡುಗ ಕೋಟೆಯಲ್ಲಿದ್ದದ್ದು ಹೌದು. ಸರಕಾರದ ಊಟ, ಸರಕಾರದ ವಸತಿ."

"ಹೋ, ಸರಕಾರಿ ಕೆಲಸವಾ! ಪರ್ಮನೆಂಟಾ?"

"ಕೊನೆಯ ಉಸಿರಿನ ತನಕ ಅಲ್ಲೇ ಇದ್ದ."

ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ, ಅಜ್ಜಿ ಒಪ್ಪಿದರು. ಆಟಿಯಲ್ಲಿ ಅವರಿಬ್ಬರ ಮದುವೆ ನಡೆಯಿತು. ಈಗ ನನ್ನ ಮಗಳಿಗೂ ನಿಶ್ಚಯವಾಗಿದೆ.

ಆ ಹುಡುಗನನ್ನು ಜನ ಮರೆಯಬಾರದು. ಓದಿದವರು ದಯವಿಟ್ಟು ಇನ್ನೊಬ್ಬರಿಗೆ ಹೇಳಿ. ತೋಡಾರು ದಾಟುವ ತನಕ ಮಾತ್ರ ಬಾಯಿ ಮುಚ್ಚಿಕೊಳ್ಳಿ. ಮಗಳ ಧಾರೆ ಇನ್ನೂ ಆಗಲಿಲ್ಲ.