ರಾಕ್ಷಸನಿಗೆ ‘ಊಟ ಆಯ್ತಾ?’ ಅಂದವನು

ಗುಂಪಿನಲ್ಲಿ ಒಬ್ಬ ಹಾಡುಗಾರ ಇದ್ದರೆ ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಇಷ್ಟು ಧೈರ್ಯವಾಗಿ ಯಾಕೆ ಹೇಳುತ್ತೇನೆಂದರೆ ನಮ್ಮ ಗುಂಪಿನ ಹಾಡುಗಾರ ನಾನೇ.

ವಾರವೆಲ್ಲ ನನ್ನ ಕೆಲಸ ಬಂಗಾರಪೇಟೆಯ ಒಂದು ಸೀರೆ ಅಂಗಡಿಯಲ್ಲಿ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ‘ಈ ಬಣ್ಣ ನಿಮಗೇ ಹೇಳಿ ಮಾಡಿಸಿದಂಗಿದೆ ಅಮ್ಮಾ’ ಅನ್ನುವುದು. ಭಾನುವಾರ ಮಧ್ಯಾಹ್ನ ಮಾತ್ರ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋಗಿ, ಚಾಂಪಿಯನ್ ರೀಫ್ಸ್‌ನ ಒಂದು ಹಳೇ ಗಣಿ ಕ್ವಾರ್ಟರ್ಸ್‌ನಲ್ಲಿ ಕೂತು ಸಂಜೆಯವರೆಗೆ ರಾಕ್ಷಸರ ಜೊತೆ ವ್ಯವಹಾರ ಮಾಡುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ಕೂತು ಕಟ್ಟುವ ಕಥೆ ಇದು. ಒಬ್ಬರು ಕಥೆ ನಡೆಸುತ್ತಾರೆ. ಕಾಡು, ಕೋಟೆ, ರಾಜ, ರಾಕ್ಷಸ ಎಲ್ಲವೂ ಅವರೇ. ಉಳಿದವರು ಒಂದೊಂದು ವೇಷ. ‘ನಾನು ಹೀಗೆ ಮಾಡುತ್ತೇನೆ’ ಅಂತ ಹೇಳಿ, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಗೆದ್ದೆ, ಚಿಕ್ಕದು ಬಿದ್ದರೆ ಕೆಟ್ಟೆ. ನಮ್ಮಲ್ಲಿ ಕಥೆ ನಡೆಸುವವರು ಔಷಧಿ ಅಂಗಡಿಯ ಮೆಡಿಕಲ್ ಅಣ್ಣ. ಮನೆಯೂ ಅವರದೇ. ಜಿಮ್ ನಡೆಸುವ ಪೈಲ್ವಾನ್ ಕತ್ತಿ ಹಿಡಿದ ವೀರ. ಹೈಸ್ಕೂಲಿನ ಲೆಕ್ಕದ ಟೀಚರಮ್ಮ ಮಂತ್ರವಾದಿನಿ. ನಾನು ಬಾರ್ಡ್, ಅಂದರೆ ಹಾಡುಗಾರ. ನಮ್ಮ ಅಂಗಡಿ ಸಾಹುಕಾರರಿಗೆ ಅದು ‘ಬಾರ್’ ಅಂತ ಕೇಳಿಸಿ, ಎಷ್ಟೋ ದಿನ ಸೋಮವಾರ ಬೆಳಿಗ್ಗೆ ನನ್ನ ಹತ್ತಿರ ಬಂದು ಮೂಗು ಅರಳಿಸುತ್ತಿದ್ದರು.

ಸೇತುವೆ ಕಾಯುವವನು

ಹಾಡುಗಾರನ ವೇಷವನ್ನು ನಾನೇನು ಕೇಳಿ ಪಡೆದಿದ್ದಲ್ಲ. ಮೊದಲ ದಿನ ರೈಲು ತಡವಾಯಿತು. ನಾನು ಹೋಗುವಷ್ಟರಲ್ಲಿ ಒಳ್ಳೊಳ್ಳೆ ವೇಷಗಳೆಲ್ಲ ಖಾಲಿ.

“ಉಳಿದಿರೋದು ಹಾಡುಗಾರ ಒಬ್ಬನೇ,” ಅಂದರು ಮೆಡಿಕಲ್ ಅಣ್ಣ, ಸ್ಟಾಕ್ ಇಲ್ಲದ ಮಾತ್ರೆಗೆ ಬೇರೆ ಕಂಪನಿಯದು ಕೊಡುವ ದನಿಯಲ್ಲಿ.

“ಅವನೇನು ಮಾಡ್ತಾನೆ?”

“ಸ್ವಲ್ಪ ಕತ್ತಿ, ಸ್ವಲ್ಪ ಮಂತ್ರ. ಯಾವುದೂ ಪೂರ್ತಿ ಬರಲ್ಲ. ಹಾಡ್ತಾನೆ, ಮಾತಾಡ್ತಾನೆ.”

ಪೈಲ್ವಾನ್ ನನ್ನ ಭುಜ ತಟ್ಟಿದ. “ರಾಕ್ಷಸ ಬಂದ್ರೆ ಏನ್ಲಾ ಮಾಡ್ತೀಯ? ಕುಂಕುಮ ಇಟ್ಟು ಸೀರೆ ತೋರಿಸ್ತೀಯಾ?”

ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಸೇತುವೆ ಬಂತು. ಅದರ ಮಧ್ಯೆ ಆನೆ ಗಾತ್ರದ ರಾಕ್ಷಸ ಕೂತಿದ್ದಾನೆ. ಪೈಲ್ವಾನ್ ಹಿಂದುಮುಂದು ನೋಡದೆ ನುಗ್ಗಿದ. ದಾಳದಲ್ಲಿ ಬಿದ್ದದ್ದು ಒಂದು. ಕತ್ತಿ ಕೈಜಾರಿ ಹೊಳೆಗೆ ಬಿತ್ತು. ಟೀಚರಮ್ಮ ಬೆಂಕಿ ಮಂತ್ರ ಹಾಕಿದರು. ರಾಕ್ಷಸನ ಬದಲು ಪೈಲ್ವಾನನ ಮೀಸೆ ಸುಟ್ಟಿತು. ಎಲ್ಲರೂ ನನ್ನ ಕಡೆ ನೋಡಿದರು. ಗಿರಾಕಿ ಮುಖ ಗಂಟಿಕ್ಕಿಕೊಂಡು ಬಂದರೆ ಅಂಗಡಿಯಲ್ಲಿ ಏನು ಕೇಳುತ್ತೇನೋ ಅದನ್ನೇ ಕೇಳಿದೆ.

“ಅಣ್ಣಾ, ಊಟ ಆಯ್ತಾ?”

ದಾಳ ಉರುಳಿಸಿದೆ. ಇಪ್ಪತ್ತು!

ರಾಕ್ಷಸ, ಅಂದರೆ ಮೆಡಿಕಲ್ ಅಣ್ಣ, ಬಾಯಿ ತೆರೆದು ಕೂತುಬಿಟ್ಟರು. ಆಮೇಲೆ ಗದ್ಗದ ಕಂಠದಲ್ಲಿ, “ಈ ಸೇತುವೆ ಮೇಲೆ ಎಷ್ಟೋ ವೀರರು ಬಂದ್ರಪ್ಪಾ. ಎಲ್ಲರೂ ತಲೆ ಕಡೀತೀನಿ ಅಂದ್ರೇ ಹೊರತು ಊಟ ಆಯ್ತಾ ಅಂತ ಯಾರೂ ಕೇಳಲಿಲ್ಲ,” ಅಂದರು. ರಾಕ್ಷಸ ತನ್ನ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡ. ಕೊನೆಗೆ ನನ್ನನ್ನೂ ಟೀಚರಮ್ಮನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಆಚೆ ದಡಕ್ಕೆ ಹೊರಟ.

“ನಾನು?” ಅಂದ ಪೈಲ್ವಾನ್.

ರಾಕ್ಷಸ ತಿರುಗಿಯೂ ನೋಡಲಿಲ್ಲ. “ಮೀಸೆ ಸುಟ್ಟೋನು ಈಜಿಕೊಂಡು ಬರ್ಲಿ.”

ರಾಜನಿಗೆ ವಿಷ

ಕ್ವಾರ್ಟರ್ಸ್‌ಗಳೆಂದರೆ ಸಾಲು ಮನೆ, ಗೋಡೆಗೆ ಗೋಡೆ. ಒಬ್ಬರ ಮನೆ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಾರೆ. ಒಂದು ಭಾನುವಾರ ನಮ್ಮ ಕಥೆಯಲ್ಲಿ ಒಬ್ಬ ದುಷ್ಟ ರಾಜನನ್ನು ಮುಗಿಸಬೇಕಿತ್ತು.

“ಪಾಯಸದಲ್ಲಿ ವಿಷ ಹಾಕೋಣ,” ಅಂದರು ಟೀಚರಮ್ಮ, ಲೆಕ್ಕ ಹೇಳಿಕೊಡುವಷ್ಟೇ ಸ್ಪಷ್ಟವಾಗಿ.

“ವಿಷ ಯಾಕೆ? ಮಲಗಿದ್ದಾಗ ಕತ್ತು ಹಿಸುಕಿಬಿಡ್ತೀನಿ. ಹೆಣ ಬಾವಿಗೆ ಹಾಕಿದ್ರಾಯ್ತು,” ಅಂದ ಪೈಲ್ವಾನ್. ಅವನ ಪಿಸುಮಾತು ಬೀದಿ ಕೊನೆಗೆ ಕೇಳುತ್ತದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆಗೆದರೆ ಪಕ್ಕದ ಮನೆಯ ಪಾಟಿ, ಅಂದರೆ ತಮಿಳಿನ ಅಜ್ಜಿ, ಕೈಯಲ್ಲಿ ಒನಕೆ. ಹಿಂದೆ ಸಾಲುಮನೆಯ ಅರ್ಧ ಜನ. “ಎನ್ನಪ್ಪಾ ಇದು! ಯಾರನ್ನ ಬಾವಿಗೆ ಹಾಕ್ತೀರಾ? ಪೊಲೀಸ್‌ನ ಕೂಪಿಡ್ತೀನಿ, ಕರೀತೀನಿ!” ಅಂತ ಪಾಟಿ ಕೂಗಿದರು.

ಮೆಡಿಕಲ್ ಅಣ್ಣನ ಬಣ್ಣ ಹೋಯಿತು. ಮಾತ್ರೆ ಮಾರುವವರ ಮನೆಯಲ್ಲಿ ವಿಷದ ಸುದ್ದಿ ಎದ್ದರೆ ನಾಳೆ ಅಂಗಡಿಗೆ ಯಾರು ಬರುತ್ತಾರೆ? ಪೈಲ್ವಾನ್ ಮೇಜಿನ ಹಿಂದೆ ಸೇರಿಕೊಂಡ. ಟೀಚರಮ್ಮ “ಇದು ಕಲ್ಪನೆ ಪಾಟಿ, ಕಲ್ಪನೆ” ಅಂದರು. “ಯಾರು ಆ ಕಲ್ಪನಾ? ಆ ಪೊಣ್ಣನ್ನ, ಆ ಹುಡುಗೀನ ಏನ್ ಮಾಡಿದ್ರಿ?” ಅಂದರು ಪಾಟಿ.

ನಾನು ಮುಂದೆ ಬಂದು ಕೈಮುಗಿದೆ. “ಪಾಟಿ, ನಾವು ಭಜನೆಗೆ ಸೇರಿರೋದು. ದುಷ್ಟ ರಾಜನನ್ನ ದೇವಿ ಕೊಲ್ಲೋ ಕಥೆ ನಡೀತಾ ಇತ್ತು. ಈಗ ಹಾಡು.” ಹೇಳಿದ ಮೇಲೆ ಹಾಡಲೇಬೇಕಲ್ಲ? ಅಮ್ಮನವರ ಮೇಲೆ ನೆನಪಿಗೆ ಬಂದ ಒಂದು ಹಾಡು ಎತ್ತಿದೆ. ಎರಡನೇ ಸಾಲು ಮರೆತುಹೋಯಿತು. ಪಾಟಿ ಒನಕೆ ಕೆಳಗಿಟ್ಟು ತಾವೇ ತಮಿಳಿನಲ್ಲಿ ಮುಂದುವರಿಸಿದರು. ಹೊರಗಿದ್ದವರೆಲ್ಲ ಒಳಗೆ ಬಂದು ತಾಳ ಹಾಕಿದರು.

ಆವತ್ತಿನಿಂದ ಬೀದಿಗೆಲ್ಲ ನಾವು ಭಜನೆ ಗುಂಪು. ಆಟ ಶುರುವಾಗುವ ಮುಂಚೆ ಪಾಟಿ ಬಂದು ಒಂದು ಹಾಡು ಹಾಡಿಸಿ, ಸುಂಡಲ್, ಅಂದರೆ ಕಡಲೆ ಉಸಲಿ, ಕೊಟ್ಟು ಹೋಗುತ್ತಾರೆ. ಹಾಡುಗಾರ ದಂಡ ಅಂತಿದ್ದ ಪೈಲ್ವಾನ್ ಕಡಲೆ ಮುಕ್ಕುತ್ತಾ ಹೇಳಿದ: “ಒಂದು ಹಾಡಿಗೇ ಇಷ್ಟು ಕಡಲೆ. ಎರಡು ಹಾಡಿದ್ರೆ ವಡೆ ಬತ್ತದೇನೋ ನೋಡ್ಲಾ.”

ಪ್ರಾಣ ಉಳಿಸುವ ರಾಗ

ಹಾಡುಗಾರ ಹಾಡಿದರೆ ಬಿದ್ದವರಿಗೆ ಮರುಜೀವ ಬರುತ್ತದೆ ಅಂತ ಆಟದ ನಿಯಮವೇ ಇದೆ. ಸುಮ್ಮನೆ ‘ಹಾಡಿದೆ’ ಅಂದರೆ ಸಾಕು. ಆದರೆ ನಾನು ಕೆಲಸದಲ್ಲಿ ಮೋಸ ಮಾಡುವವನಲ್ಲ. ಒಮ್ಮೆ ಪೈಲ್ವಾನ್ ಏಟು ತಿಂದು ಸತ್ತಂತೆ ಮೇಜಿನ ಮೇಲೆ ತಲೆ ಇಟ್ಟು ಮಲಗಿದ. ನಾನು ಗಂಟಲು ಸರಿಮಾಡಿಕೊಂಡು, ಅವನ ಕಿವಿಯ ಹತ್ತಿರವೇ ಕೂತು ಆಲಾಪ ಶುರುಮಾಡಿದೆ.

ದಾಳ ಇನ್ನೂ ಕೈಯಲ್ಲೇ ಇತ್ತು. ಪೈಲ್ವಾನ್ ಎದ್ದು ಕೂತು ಕೈಮುಗಿದ. “ಬದುಕಿದೆ ಕಣ್ಲಾ, ಬದುಕಿದೆ! ನಿಲ್ಸು!”

ಕಾಮಸಮುದ್ರದ ಹೆಣ್ಣು

ಪೈಲ್ವಾನನಿಗೆ ನೂರು ಕೆಜಿ ಎತ್ತುವುದು ಕಷ್ಟವಲ್ಲ, ಹೆಣ್ಣಿನ ಮನೆಯಲ್ಲಿ ನಾಲಿಗೆ ಎತ್ತುವುದು ಕಷ್ಟ. ಎಷ್ಟೋ ಕಡೆ ಹೋಗಿ, ಕಾಫಿ ಕುಡಿದು, ಒಂದೂ ಮಾತಾಡದೆ ಎದ್ದು ಬಂದಿದ್ದ. ‘ಹುಡುಗನಿಗೆ ಮಾತು ಬರಲ್ವಂತೆ’ ಅನ್ನುವ ಸುದ್ದಿ ಅವನಿಗಿಂತ ಮುಂಚೆ ಊರೂರು ಮುಟ್ಟುತ್ತಿತ್ತು. ಕಾಮಸಮುದ್ರದ ಕಡೆ ಒಂದು ಸಂಬಂಧ ಬಂದಾಗ ನನ್ನ ಅಂಗಡಿಗೇ ಬಂದ.

“ನೀನೂ ಬಾರ್ಲಾ. ಆಟದಲ್ಲಿ ನಂಗೆ ಧೈರ್ಯ ತುಂಬ್ತೀಯಲ್ಲ, ಅಂಗೇ ತುಂಬು.”

ಅವನ ಹುಡುಗಾಟದ ಮುಖ ಆವತ್ತು ಇರಲಿಲ್ಲ. ಹುಡುಗಿಯ ಫೋಟೋ ನೋಡಿ ನಿಜಕ್ಕೂ ಇಷ್ಟಪಟ್ಟಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಮಾತು ಹೇಳಿಕೊಟ್ಟೆ. ಹೆಣ್ಣಿನ ಮನೆ ಹೊಸಿಲು ದಾಟಿದ ಕೂಡಲೇ ಎಲ್ಲ ಮರೆತ. ಸೋಫಾದ ಮೂಲೆಯಲ್ಲಿ ಕೂತು ನೆಲ ನೋಡತೊಡಗಿದ.

ಹುಡುಗಿಯ ತಂದೆ ಏನು ಕೇಳಿದರೂ ನಾನೇ ಉತ್ತರ ಕೊಟ್ಟೆ. ಅವನ ಗುಣ, ಅವನ ಜಿಮ್ಮು, ಅವನು ತನ್ನ ತಾಯಿಯನ್ನು ನೋಡಿಕೊಳ್ಳುವ ಬಗೆ, ಒಂದೂ ಸುಳ್ಳಲ್ಲ. ಮಧ್ಯೆ ಹುಡುಗಿಯ ಸೀರೆಯ ಬಾರ್ಡರನ್ನೂ ಹೊಗಳಿದೆ, ಅಭ್ಯಾಸ. ಮನೆಯವರೆಲ್ಲ ನಕ್ಕೂ ನಕ್ಕೂ ಸುಸ್ತಾದರು. ಕೊನೆಗೆ ಮಂಚದ ಮೇಲಿದ್ದ ಅಜ್ಜಿ ತೀರ್ಪು ಕೊಟ್ಟರು.

“ಉಡ್ಗ ಬಾಗುನ್ನಾಡು ಕಣಮ್ಮಾ, ನಂಗೆ ಒಪ್ಪಿಗೆ. ಆದ್ರೆ ಮೂಲೇಲಿ ಕುಂತವ್ನಲ್ಲ ಆ ದಪ್ಪ ಮನ್ಸ, ಅವ್ನ್ಯಾರು? ಡ್ರೈವರಾ?”

ಪೈಲ್ವಾನನ ಕಣ್ಣಲ್ಲಿ ನೀರೊಂದು ಬಾಕಿ. ನಾನು ಬಾಯಿ ತೆರೆದೆ. ಹುಟ್ಟಿದ ಮೇಲೆ ಮೊದಲ ಸಲ ಮಾತು ಹೊರಡಲಿಲ್ಲ. ಆಗ ಬಾಗಿಲ ಹತ್ತಿರ ನಿಂತಿದ್ದ ಹುಡುಗಿಯೇ ಅಂದಳು:

“ಅಜ್ಜೀ, ಈಯಪ್ಪನ ಜೊತೆ ಸಂಸಾರ ಮಾಡಿದ್ರೆ ನಾನು ಯಾವಾಗ ಮಾತಾಡೋದು? ನಂಗೆ ಆ ಡ್ರೈವರೇ ಇರ್ಲಿ.”

ಬೆಂಕಿ ಉಗುಳುವ ಡ್ರ್ಯಾಗನ್

ತಿಂಗಳುಗಟ್ಟಲೆ ಆಡಿದ ಕಥೆಯ ಕೊನೆಯ ಘಟ್ಟ. ಬೆಟ್ಟದ ಗುಹೆಯಲ್ಲಿ ಚಿನ್ನದ ಗುಡ್ಡೆಯ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್ ಮಲಗಿದೆ. ಮೆಡಿಕಲ್ ಅಣ್ಣ ಕುರ್ಚಿಯ ಮೇಲೆ ಹತ್ತಿ ಎರಡೂ ಕೈ ರೆಕ್ಕೆಯಂತೆ ಚಾಚಿ ನಿಂತಿದ್ದರು. ಪೈಲ್ವಾನ್ ಬಿದ್ದಾಗಿತ್ತು. ಟೀಚರಮ್ಮನ ಮಂತ್ರಗಳೆಲ್ಲ ಖರ್ಚಾಗಿದ್ದವು. ನಾನು ಸೋತರೆ ಎಲ್ಲರೂ ಬೂದಿ, ಇಷ್ಟು ದಿನದ ಆಟವೆಲ್ಲ ನೀರಲ್ಲಿ ಹೋಮ.

ಹಾಡುಗಾರನ ಹತ್ತಿರ ಒಂದು ಕೊನೆಯ ಅಸ್ತ್ರ ಇರುತ್ತದೆ. ಬೈಗುಳ. ಅವನು ಬೈದರೆ ಆ ಮಾತು ಬಾಣದಂತೆ ನಾಟುತ್ತದೆ. ಆದರೆ ನಮ್ಮ ಮೆಡಿಕಲ್ ಅಣ್ಣನ ಕಾನೂನು ಏನೆಂದರೆ, ಬೈಗುಳ ಬಾಯಿಬಿಟ್ಟು ಹೇಳಬೇಕು, ಅದು ಕೇಳಿದವರ ಎದೆಗೆ ತಾಗಬೇಕು. ನನಗೋ ಬೈದು ಅಭ್ಯಾಸವಿಲ್ಲ. ಹೊಗಳಿ ಹೊಟ್ಟೆ ಹೊರೆಯುವವನು. ಕಷ್ಟಪಟ್ಟು, “ನಿಮ್ಮ ಮೈಬಣ್ಣ ಸ್ವಲ್ಪ ಮಾಸಿದೆ” ಅಂದೆ.

“ಅಷ್ಟೇನಾ?” ಅಂತ ಡ್ರ್ಯಾಗನ್ ಗಹಗಹಿಸಿತು.

ಅದೇ ಹೊತ್ತಿಗೆ ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು. ಊರಿಂದ ಅಮ್ಮ. ಆಮೇಲೆ ಮಾಡ್ತೀನಿ ಅನ್ನೋಣವೆಂದು ಎತ್ತಿದೆ. ಗಾಬರಿಯಲ್ಲಿ ಬೆರಳು ಸ್ಪೀಕರಿಗೆ ತಾಗಿತು.

“ಎಲ್ ಸತ್ತಿದ್ದೀಯಲಾ? ಒತ್ತು ಮುಳುಗ್ತಾ ಐತೆ, ಕೊಟ್ಟಿಗೇಲಿ ಅಸ ಬಾಯ್ ಬಡ್ಕೊಂತಾ ಐತೆ! ತಿಂದೂ ತಿಂದೂ ಗುಡ್ಡದಂಗೆ ಬಿದ್ಕೊಂಡಿರೋದೇ ಆಯ್ತು. ಅಷ್ಟು ದೊಡ್ಡ ಮೈ ಒಂದು ಕೆಲ್ಸಕ್ಕಾದ್ರೂ ಬತ್ತದಾ? ಬಾಯ್ ಬಿಟ್ರೆ ಉರಿದು ಬೀಳ್ತೀಯ, ಸಗಣಿ ಬಾಚು ಅಂದ್ರೆ ಮಾತ್ರ ಬಾಲ ಮುದುರ್ಕೊಂಡು ಓಗ್ತೀಯ! ಯಾವ ನಿಧಿ ಕಾಯ್ಕೊಂಡು ಕುಂತಿದ್ದೀಯ ಅಲ್ಲಿ? ನಿನ್ನ ಓರಗೆಯೋರೆಲ್ಲ ಮದ್ವೆ ಆಗಿ ಮಕ್ಳು ಎತ್ತವ್ರೆ. ಎದ್ದು ಮನೆಗೆ ಬಾ ಮೊದ್ಲು!”

ಕುರ್ಚಿಯ ಮೇಲಿದ್ದ ಡ್ರ್ಯಾಗನ್‌ನ ರೆಕ್ಕೆಗಳು ಮೆಲ್ಲಗೆ ಇಳಿದವು. ತಲೆ ಬಗ್ಗಿತು. ನಡುವಯಸ್ಸಿನ, ಗಿರಿಜಾ ಮೀಸೆಯ ಮೆಡಿಕಲ್ ಅಣ್ಣ ಕುರ್ಚಿಯಿಂದ ಇಳಿದು, ಗುಹೆಯಲ್ಲಿ ಮೊಳಗುವ ಅದೇ ದಪ್ಪ ದನಿಯಲ್ಲಿ, ಆದರೆ ತುಂಬಾ ವಿಧೇಯವಾಗಿ ಹೇಳಿದರು:

“ಬಂದೆ ಕಣಮ್ಮಾ. ಈಗ್ಲೇ ಹೊಂಟೆ.”

ಡ್ರ್ಯಾಗನ್ ಚಿನ್ನವನ್ನೆಲ್ಲ ನಮಗೆ ಬಿಟ್ಟು ಗುಹೆಯಿಂದ ಹಾರಿಹೋಯಿತು. ಪೈಲ್ವಾನ್ ಸತ್ತಿದ್ದವನು ಎದ್ದು ಕುಣಿದ. ಟೀಚರಮ್ಮ ಕಣ್ಣೊರೆಸಿಕೊಂಡು ನಕ್ಕರು. ನಾನು ಫೋನು ಕಿವಿಗಿಟ್ಟುಕೊಂಡೆ. ಆ ಕಡೆ ಅಮ್ಮನ ದನಿ ಪೂರ್ತಿ ಮೆತ್ತಗಾಗಿತ್ತು.

“ಅದ್ಯಾರ್ಲಾ ಮಾತಾಡಿದ್ದು? ಎಂಥಾ ಒಳ್ಳೆ ಉಡ್ಗ ನೋಡು! ಒಂದೇ ಮಾತಿಗೆ ಎದ್ದು ಒಂಟ. ಸೇರೋದಾದ್ರೆ ಅಂಥೋರ ಜೊತೆ ಸೇರ್ಕೊಳ್ಲಾ.”